ಹಿಟ್ ಹಾಡುಗಳ ಹಳೆಯ ಮತ್ತು ಇಂದಿನ ಪಟ್ಟಿಗಳನ್ನು ಹೋಲಿಸಬಹುದೇ?

ನೇರವಾಗಿ ಹೋಲಿಸಲಾಗದು, ಏಕೆಂದರೆ ಅಳತೆಗೋಲೇ ಬದಲಾಗಿದೆ. 1952ರಲ್ಲಿ ಬ್ರಿಟನ್ನಿನ ಮೊದಲ ಪಟ್ಟಿಯನ್ನು ಸಂಗೀತ ಪತ್ರಿಕೆಯೊಂದು ಕೆಲವೇ ರೆಕಾರ್ಡ್ ಅಂಗಡಿಗಳಿಗೆ ದೂರವಾಣಿ ಮಾಡಿ ಸಿದ್ಧಪಡಿಸಿತ್ತು. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ 1958ರಲ್ಲಿ ಆರಂಭಿಸಿದ ‘ಹಾಟ್ 100’ ಮಾರಾಟವನ್ನೂ ರೇಡಿಯೊ ಪ್ರಸಾರವನ್ನೂ ಗಣಿಸುತ್ತಿತ್ತಾದರೂ, 1991ರಲ್ಲಿ ಗಣಕೀಕೃತ ಎಣಿಕೆ ಬರುವವರೆಗೆ ಅಂಗಡಿ ಮತ್ತು ರೇಡಿಯೊ ಕೇಂದ್ರದವರು ಹೇಳಿದ್ದನ್ನೇ ನಂಬಬೇಕಿತ್ತು.

ಇಂದು ಸ್ಟ್ರೀಮಿಂಗ್ ಪ್ರಧಾನ. 2013ರಿಂದ 2026ರ ಜನವರಿಯವರೆಗೆ ಯೂಟ್ಯೂಬ್ ವೀಕ್ಷಣೆಯೂ ‘ಹಾಟ್ 100’ರ ಲೆಕ್ಕಕ್ಕೆ ಸೇರುತ್ತಿತ್ತು. ಚಂದಾದಾರರ ಆಲಿಕೆಗೆ ಉಚಿತ ಆಲಿಕೆಗಿಂತ ಹೆಚ್ಚು ತೂಕವಿದೆ. ರೆಕಾರ್ಡನ್ನು ಒಮ್ಮೆ ಕೊಂಡರೆ ಒಂದೇ ಮಾರಾಟ, ಆದರೆ ಈಗ ಪ್ರತಿ ಆಲಿಕೆಯೂ ಎಣಿಕೆಯಾಗುವುದರಿಂದ ಹಳೆಯ ಹಾಡುಗಳೂ ಮರಳುತ್ತವೆ: ಮರಾಯಾ ಕ್ಯಾರಿಯವರ 1994ರ ಕ್ರಿಸ್‌ಮಸ್ ಗೀತೆ ‘ಹಾಟ್ 100’ರ ಮೊದಲ ಸ್ಥಾನಕ್ಕೇರಿದ್ದು 2019ರಲ್ಲಿ.

ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಹಾಡೊಂದು ‘ಹಿಟ್’ ಎನಿಸಿಕೊಳ್ಳುತ್ತಿದ್ದುದು ಆಕಾಶವಾಣಿಗೆ ಹೋಗುತ್ತಿದ್ದ ಕೋರಿಕೆ ಪತ್ರಗಳಿಂದ, ಕ್ಯಾಸೆಟ್ ಮಾರಾಟದಿಂದ, ಜಾತ್ರೆಯ ಆರ್ಕೆಸ್ಟ್ರಾಗಳಿಂದ. ಇವನ್ನು ಯಾರೂ ಕೂಡಿಸಿ ಲೆಕ್ಕವಿಡಲಿಲ್ಲ. ಆದ್ದರಿಂದ ಅಂದಿನ ಕನ್ನಡ ಗೀತೆಯ ಜನಪ್ರಿಯತೆಯನ್ನು ಇಂದಿನ ಯೂಟ್ಯೂಬ್ ವೀಕ್ಷಣೆಯಿಂದ ಅಳೆಯುವುದು, ನನ್ನ ಅಭಿಪ್ರಾಯದಲ್ಲಿ, ಆ ಗೀತೆಗೆ ಮಾಡುವ ಅನ್ಯಾಯ.