ದೀಪ ಹಾಕಿದೊಡನೆ ಸಾಕಿದ ಉಡ ಅಡಗಿಕೊಳ್ಳುವುದೇಕೆ?

ಟೆಕ್ಸಸ್‌ನಲ್ಲಿ ಕೊಂಡ ಸವಾನಾ ಉಡಕ್ಕೆ ಗಾಜಿನ ತೊಟ್ಟಿ, ಹಗಲಿಗೆ ಒಂದು ಸ್ಪಾಟ್ ಬಲ್ಬು, ರಾತ್ರಿಗೆ ಕೆಂಪು ಬಲ್ಬು ಇಟ್ಟಿದ್ದೀರಿ. ದೀಪ ಹತ್ತಿದೊಡನೆ ಅದು ಪ್ಲಾಸ್ಟಿಕ್ ಗುಹೆಗೆ ನುಗ್ಗಿ ಸಂಜೆಯವರೆಗೂ ಹೊರಬರುವುದಿಲ್ಲ, ಬೆಳಕು ಕಡಿಮೆ ಮಾಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಮಾಡಬೇಡಿ. ಅಮೆರಿಕದಲ್ಲಿ ಇದೇ ಜಾತಿಯನ್ನು ಬಹಳ ಕಾಲದಿಂದ ಸಾಕುತ್ತಿದ್ದೇನೆ. ನಿಮ್ಮ ಉಡಕ್ಕೆ ಕೊರತೆಯಾಗಿರುವುದು ಮಣ್ಣು.

ಘಾನಾ, ಟೋಗೊ, ಬೆನಿನ್ ಕಡೆಯ ಹುಲ್ಲುಗಾವಲಿನ ಪ್ರಾಣಿ ಇದು. ಬಿಲವೇ ಮನೆ. ಮೈ ಕಾಯಿಸಿಕೊಂಡು, ಮಿಡತೆ, ಬಸವನಹುಳು, ಸಹಸ್ರಪದಿಗಳನ್ನು ಹುಡುಕಿ ತಿಂದು, ಬಿಸಿಲೇರಿದಾಗ ತೇವವಿರುವ ತಂಪು ಬಿಲಕ್ಕೆ ಇಳಿಯುತ್ತದೆ. ಪ್ಲಾಸ್ಟಿಕ್ ಗುಹೆಯೊಳಗೆ ಇರುವುದು ತೊಟ್ಟಿಯ ಒಣ ಗಾಳಿಯೇ ತಾನೆ? ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಗಟ್ಟಿ ಮರದ ಪೆಟ್ಟಿಗೆ ಮಾಡಿಸಿ. ಮಣ್ಣು, ಮರಳು ಬೆರೆಸಿ, ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲುವಷ್ಟು ತೇವವಿಟ್ಟು ಎರಡು ಅಡಿ ಆಳಕ್ಕೆ ತುಂಬಿ. ಒಣ ಗಾಳಿಯಲ್ಲೇ ಇಟ್ಟ ಉಡಗಳ ಮೈಯ ನೀರು ಬತ್ತಿ, ಮೂತ್ರಪಿಂಡ ಕೆಟ್ಟು, ಚಿಕ್ಕ ವಯಸ್ಸಿನಲ್ಲೇ ಸಾಯುತ್ತವೆ. ಕಾಯಿಲೆ ಬರುವವರೆಗೆ ಹೊರನೋಟಕ್ಕೆ ಏನೂ ತಿಳಿಯುವುದಿಲ್ಲ ಎಂಬುದೇ ನನಗೆ ಸಂಕಟದ ವಿಷಯ.

ಬಿಲ ತೋಡಿಕೊಂಡ ಮೇಲೆ ಬೆಳಗ್ಗೆ ದೂರದಿಂದ ಗಮನಿಸಿ. ಮೊದಲು ಬಿಲದ ಬಾಯಲ್ಲಿ ಮೂತಿ ಕಾಣುತ್ತದೆ, ಸೀಳುನಾಲಗೆ ಹೊರಗಾಡುತ್ತದೆ. ತಲೆಯಷ್ಟನ್ನೇ ಬೆಳಕಿಗೊಡ್ಡಿ ಬಹಳ ಹೊತ್ತು ಕದಲದೆ ಇರುತ್ತದೆ. ಆಮೇಲೆ ಪೂರ್ತಿ ಹೊರಬಂದು, ಪಕ್ಕೆಲುಬು ಅಗಲಿಸಿ, ರೊಟ್ಟಿ ತಟ್ಟಿದಂತೆ ಚಪ್ಪಟೆಯಾಗಿ ದೀಪದಡಿ ಮಲಗುತ್ತದೆ. ಆಗ ಮೇಲಿನಿಂದ ಕೈ ಚಾಚಿದಿರೋ, ಮತ್ತೆ ಬಿಲ ಸೇರಿತೆಂದೇ ಲೆಕ್ಕ. ನೆತ್ತಿಯ ಒಂದು ಹುರುಪೆಯ ಕೆಳಗೆ ಅದಕ್ಕೆ ಮೂರನೆಯ ಕಣ್ಣಿದೆ. ಆಕೃತಿ ಕಾಣದಿದ್ದರೂ ಬೆಳಕು ನೆರಳಿನ ವ್ಯತ್ಯಾಸ ಅದಕ್ಕೆ ತಿಳಿಯುತ್ತದೆ. ಬಯಲಿನಲ್ಲಿ ಮೇಲಿಂದ ಬೀಳುವ ನೆರಳು ಹದ್ದಿನದಾಗಿರಬಹುದಲ್ಲ! ಪೆಟ್ಟಿಗೆಯ ಬಾಗಿಲು ಪಕ್ಕದಲ್ಲಿರಲಿ, ಕೈ ನೆಲದ ಮಟ್ಟದಲ್ಲೇ ಹೋಗಲಿ.

ಇನ್ನು ದೀಪ. ಸ್ಪಾಟ್ ಬಲ್ಬು ಬೆನ್ನಿನ ಒಂದು ಚೂರನ್ನು ಸುಡುತ್ತದೆ, ಉಳಿದ ಮೈ ತಣ್ಣಗೇ ಇರುತ್ತದೆ. ಮೈ ಕಾಯಲಿಲ್ಲವೆಂದು ಉಡ ಅಲ್ಲೇ ಮಲಗಿ ಬೊಬ್ಬೆ ಬರಿಸಿಕೊಳ್ಳುತ್ತದೆ. ಕಡಿಮೆ ವಾಟಿನ ಎರಡು ಮೂರು ಹ್ಯಾಲೋಜನ್ ಫ್ಲಡ್ ದೀಪಗಳನ್ನು (ಬೆಳಕನ್ನು ಅಗಲವಾಗಿ ಹರಡುವಂಥವು) ಸಾಲಾಗಿ ಹಾಕಿ, ಅದರ ಮೈಯುದ್ದಕ್ಕೂ ಶಾಖ ಬೀಳಲಿ. ಕೆಳಗಿನ ಕಲ್ಲಿನ ಮೇಲ್ಮೈ 50ರಿಂದ 60 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ಇನ್ನೊಂದು ತುದಿ 26ರ ಆಸುಪಾಸಿನಲ್ಲಿರಬೇಕು. ಜೊತೆಗೆ ನೇರಳಾತೀತ ಕಿರಣ ಸೂಸುವ ಉದ್ದನೆಯ ಟ್ಯೂಬ್ ಬೇಕು. ನಡುವೆ ಗಾಜು ಬಂದರೆ ಅದು ವ್ಯರ್ಥ. ಬೆಳಕು ಕಾಣುತ್ತಿದ್ದರೂ ಕಿರಣ ಕುಗ್ಗುತ್ತಾ ಹೋಗುವುದರಿಂದ ವರ್ಷಕ್ಕೊಮ್ಮೆ ಬದಲಿಸಿ. ಕೆಂಪು ಬಲ್ಬನ್ನು ಇಂದೇ ತೆಗೆದುಬಿಡಿ; ಉಡಕ್ಕೆ ಕೆಂಪು ಬಣ್ಣ ಕಾಣುತ್ತದೆ, ರಾತ್ರಿ ಕತ್ತಲೆಯೇ ಇರಬೇಕು.

ಆಹಾರವನ್ನು ತಟ್ಟೆಯಲ್ಲಿಟ್ಟು ಕೊಡುವ ಬದಲು ಹುಳುಗಳನ್ನು ಎಲೆಕಸದಡಿ ಬಚ್ಚಿಡಿ. ಇದರ ಹತ್ತಿರದ ಸಂಬಂಧಿಯಾದ ಕಪ್ಪು ಗಂಟಲಿನ ಉಡದ ಮರಿಗಳು, ಮುಚ್ಚಿದ ಪಾರದರ್ಶಕ ಕೊಳವೆಯ ಬಾಗಿಲು ತೆರೆದು ಒಳಗಿನ ಆಹಾರವನ್ನು ಮೊದಲ ಸಲವೇ ಹತ್ತು ನಿಮಿಷದೊಳಗೆ ತಿಂದದ್ದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿದೆ. ಅಂಥ ಬುದ್ಧಿಗೆ ಖಾಲಿ ತೊಟ್ಟಿ ಸಾಲದು.

ಭಾರತದಲ್ಲಿ, ನಮ್ಮೂರ ಕಡೆ ಕುಳಿತು ಇದನ್ನು ಓದುತ್ತಿರುವವರಿಗೆ ಒಂದು ಮಾತು: ನಮ್ಮ ಹೊಲಗದ್ದೆಗಳ ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿದೆ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿದೆ. ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ; ಗಾಯಗೊಂಡದ್ದು ಸಿಕ್ಕರೆ ಅರಣ್ಯ ಇಲಾಖೆಗೆ ತಿಳಿಸಿ.