ಬಾಗಿಲು ಹಾಕಿಸಿದವರು ಬಾಡಿಗೆಯನ್ನೂ ಯೋಚಿಸಬೇಕು

ಓದುಗರ ಪ್ರಶ್ನೆ, ವಕೀಲರ ಉತ್ತರ
ಜನವರಿ 2022, ಕೊನೆಯ ವಾರ

ಪ್ರಶ್ನೆ: ಬಸ್ ನಿಲ್ದಾಣದ ಹತ್ತಿರ ಎಂಟು ಟೇಬಲ್ಲಿನ ಹೋಟೆಲ್ ನನ್ನದು. ವಾರದ ಗಲ್ಲಾಪೆಟ್ಟಿಗೆ ತುಂಬುವುದೇ ಶನಿವಾರ, ಭಾನುವಾರ. ಜನವರಿ 4ರ ಮಂಗಳವಾರ ಕೋವಿಡ್‌ ಕಾರಣಕ್ಕೆ ವಾರಾಂತ್ಯ ಕರ್ಫ್ಯೂ ಅಂದರು, ಶುಕ್ರವಾರ ರಾತ್ರಿ ಹತ್ತಕ್ಕೆ ಜಾರಿ. ಪಾರ್ಸೆಲ್ ಕೊಡಬಹುದಂತೆ. ಬಸ್ಸಿಳಿದವನು ಪಾರ್ಸೆಲ್ ತಗೊಂಡು ಎಲ್ಲಿ ಕೂತು ತಿನ್ನಬೇಕು? 21ನೇ ತಾರೀಕು ತೆಗೆದರು, ಅದೂ ಶುಕ್ರವಾರವೇ. ವ್ಯಾಪಾರ ಮಾಡುವುದು ನನ್ನ ಮೂಲಭೂತ ಹಕ್ಕಲ್ಲವೇ? ನಷ್ಟ ತುಂಬಿಕೊಡಿ ಅಂತ ಕೋರ್ಟಿಗೆ ಹೋಗಬಹುದೇ?
– ಹೆಸರು ಬೇಡ, ಅರಸೀಕೆರೆ

ಉತ್ತರ: ಹಕ್ಕು ಹೌದು. ಸಂವಿಧಾನದ 19(1)(ಜಿ) ವಿಧಿ ಅದನ್ನು ಕೊಡುತ್ತದೆ. ಸಾರ್ವಜನಿಕ ಹಿತಕ್ಕಾಗಿ ಅದರ ಮೇಲೆ ಸಮಂಜಸ ನಿರ್ಬಂಧ ಹೇರಬಹುದು ಎಂದು 19(6) ಹೇಳುತ್ತದೆ. ಸಾಂಕ್ರಾಮಿಕ ರೋಗದ ಕಾಲದಲ್ಲಿ ಹೋಟೆಲ್ ಮುಚ್ಚಿಸುವ ಅಧಿಕಾರ ಸರ್ಕಾರಕ್ಕೆ ಇಲ್ಲವೇ ಇಲ್ಲ ಎಂದು ವಾದಿಸಿ ಗೆಲ್ಲುವುದು ಕಷ್ಟ. ಕರ್ಫ್ಯೂ ತೆರವಾಗಿರುವುದರಿಂದ ಆದೇಶ ರದ್ದು ಮಾಡಿ ಎಂದು ಕೇಳುವುದಕ್ಕೂ ಈಗ ಏನೂ ಉಳಿದಿಲ್ಲ. ರಾತ್ರಿ ಕರ್ಫ್ಯೂ, ಅರ್ಧ ಆಸನದ ನಿಯಮ ಇನ್ನೂ ಇವೆ, ಅವು ಬೇರೆ ಮಾತು.

ಆದರೆ ನಿಮ್ಮ ಪ್ರಶ್ನೆಯ ಜೀವ ಇರುವುದು ನಷ್ಟದಲ್ಲಿ. ಅದನ್ನು ನಾನು ಅಷ್ಟು ಸುಲಭಕ್ಕೆ ಬಿಡುವುದಿಲ್ಲ.

ಸರ್ಕಾರ ಇಷ್ಟೆಲ್ಲ ಆದೇಶ ಹೊರಡಿಸುತ್ತಿರುವುದು 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಬಲದ ಮೇಲೆ. ಆ ಕಾಯ್ದೆಯ 65, 66ನೇ ಸೆಕ್ಷನ್ ಓದಿ. ನಿಮ್ಮ ಕಟ್ಟಡವನ್ನೇ ಸರ್ಕಾರ ವಿಪತ್ತಿನ ಕೆಲಸಕ್ಕೆಂದು ವಶಕ್ಕೆ ತೆಗೆದುಕೊಂಡರೆ ಆ ಜಾಗದ ಬಾಡಿಗೆ ನೋಡಿ ಪರಿಹಾರ ಕೊಡಬೇಕು. ಮೊತ್ತ ಒಪ್ಪಿಗೆಯಾಗದಿದ್ದರೆ ಮಧ್ಯಸ್ಥಿಕೆಗೆ ಒಯ್ಯಿ ಎಂದು ಕೇಳಲು ನಿಮಗೆ 30 ದಿನ ಇದೆ. ಅದೇ ಕಟ್ಟಡಕ್ಕೆ ಬೀಗ ಹಾಕಿಸಿ, ಕೀಲಿಕೈ ನಿಮ್ಮ ಕೈಯಲ್ಲೇ ಬಿಟ್ಟರೆ ಒಂದು ಪೈಸೆಯೂ ಇಲ್ಲ. ಎರಡೂ ಕಡೆ ಜಾಗ ಹೋದದ್ದು ಊರಿನ ಒಳಿತಿಗೇ. ಒಬ್ಬನಿಗೆ ಬಾಡಿಗೆ ಸಿಗಬೇಕು, ಇನ್ನೊಬ್ಬ ಬಾಡಿಗೆ ಕಟ್ಟಬೇಕು ಎನ್ನುವುದನ್ನು ನಾನು ನ್ಯಾಯ ಎಂದು ಒಪ್ಪಲಾರೆ.

ಇದೇ ಕಾಯ್ದೆಯ 12ನೇ ಸೆಕ್ಷನ್ನಿನಲ್ಲಿ ಕನಿಷ್ಠ ಪರಿಹಾರದ ಮಾತಿದೆ: ಸತ್ತವರ ಮನೆಯವರಿಗೆ ನೆರವು, ಅದರ ಪಕ್ಕದಲ್ಲೇ ಜೀವನೋಪಾಯವನ್ನು ಮತ್ತೆ ನಿಲ್ಲಿಸಿಕೊಡುವ ನೆರವು. ಮೊದಲಿನದನ್ನು ಸುಪ್ರೀಂ ಕೋರ್ಟ್ 2021ರ ಜೂನ್ 30ರಂದು ಸರ್ಕಾರದ ಕರ್ತವ್ಯ ಎಂದು ಹೇಳಿತು, ಅದರಿಂದಲೇ ಕೋವಿಡ್ ಸಾವಿಗೆ 50,000 ರೂಪಾಯಿ ಬಂತು. ಎರಡನೆಯದನ್ನು ಆ ಅರ್ಜಿಗಳು ಕೇಳಿರಲಿಲ್ಲ. ನೀವು ಒಬ್ಬರೇ ಹೋದರೆ ಖರ್ಚು ಹೆಚ್ಚು, ಫಲ ಖಾತ್ರಿಯಿಲ್ಲ. ಹೋಟೆಲ್ ಮಾಲೀಕರ ಸಂಘದಿಂದ ಈ ಸೆಕ್ಷನ್ ಹಿಡಿದು ಮೊದಲು ಜಿಲ್ಲಾಧಿಕಾರಿಗೆ, ಸರ್ಕಾರಕ್ಕೆ ಲಿಖಿತ ಮನವಿ ಕೊಡಿ, ಸ್ವೀಕೃತಿ ಪಡೆಯಿರಿ. ಹೈಕೋರ್ಟಿಗೆ ಹೋಗುವ ದಿನ ಆ ಕಾಗದ ಬೇಕಾಗುತ್ತದೆ.

ಸರ್ಕಾರ ಏನೂ ಕೊಡಲಿಲ್ಲ ಎನ್ನುವುದೂ ತಪ್ಪಾಗುತ್ತದೆ. 2020ರ ಮೇ ತಿಂಗಳಲ್ಲಿ ಯಡಿಯೂರಪ್ಪನವರು 1,610 ಕೋಟಿಯ ಪ್ಯಾಕೇಜ್ ಪ್ರಕಟಿಸಿದರು: ಕ್ಷೌರಿಕರು, ಅಗಸರು, ಆಟೊ–ಟ್ಯಾಕ್ಸಿ ಚಾಲಕರಿಗೆ ತಲಾ 5,000. ಮರುವರ್ಷ ಮೇನಲ್ಲಿ 1,250 ಕೋಟಿ: ಚಾಲಕರಿಗೆ 3,000, ಬೀದಿ ವ್ಯಾಪಾರಿಗಳಿಗೆ 2,000. ಮೊದಲ ಸಲ ನಮ್ಮ ಬೀದಿಯ ಕ್ಷೌರಿಕರೊಬ್ಬರಿಗೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಲು ನಾನೇ ಕೂತಿದ್ದೆ. ಆಧಾರ್ ಇತ್ತು, ಪಾಸ್‌ಬುಕ್ ಇತ್ತು. ಕ್ಷೌರಿಕ ವೃತ್ತಿಯವರು ಎಂಬ ಪ್ರಮಾಣಪತ್ರ ಬೇಕೆಂದಿತು. ಮೂವತ್ತು ವರ್ಷ ಅದೇ ಕನ್ನಡಿಯ ಮುಂದೆ ನಿಂತು ಊರಿಗೆಲ್ಲ ಗಡ್ಡ ಹೆರೆದ ಮನುಷ್ಯ, ಅದಕ್ಕೆ ಸಾಕ್ಷಿ ಕಾಗದ ಹುಡುಕಿಕೊಂಡು ಬಿಸಿಲಲ್ಲಿ ಅಲೆದರು. ಆ ಪಟ್ಟಿಗಳಲ್ಲಿ ಎಂಟು ಟೇಬಲ್ಲಿನ ಹೋಟೆಲ್ ಮಾಲೀಕ ಇರಲಿಲ್ಲ. ಬಡವ ಎನ್ನುವಷ್ಟು ಬಡವನಲ್ಲ, ಎರಡು ತಿಂಗಳು ಬಾಗಿಲು ಹಾಕಿ ತಡೆದುಕೊಳ್ಳುವಷ್ಟು ಸ್ಥಿತಿವಂತನೂ ಅಲ್ಲ. ಈ ಜನವರಿಯಲ್ಲಂತೂ ಯಾರಿಗೂ ಪ್ಯಾಕೇಜ್ ಇಲ್ಲ.

ಇನ್ನು ಮುನ್ಸೂಚನೆಯ ವಿಷಯ. ಶನಿವಾರ ಬೆಳಗಿನ ಇಡ್ಲಿಗೆ ಶುಕ್ರವಾರ ಬೆಳಗ್ಗೆಯೇ ಉದ್ದು, ಅಕ್ಕಿ ನೆನೆಹಾಕಬೇಕು, ಸಂಜೆಗೆ ರುಬ್ಬಬೇಕು. ನಿರ್ಬಂಧ ಉಳಿಯುತ್ತದೋ ಹೋಗುತ್ತದೋ ಎಂದು ಟಿವಿ ಮುಂದೆ ಕೂತವನು ಎಷ್ಟು ಸೇರು ನೆನೆಸಬೇಕು? 2021ರ ಏಪ್ರಿಲ್ 1ಕ್ಕೆ ‘ಯುವರತ್ನ’ ತೆರೆಕಂಡಿತು, ಮರುದಿನವೇ ಚಿತ್ರಮಂದಿರದಲ್ಲಿ ಅರ್ಧ ಆಸನ ಎಂಬ ಆದೇಶ ಬಂತು. ಪುನೀತ್ ರಾಜ್‌ಕುಮಾರ್ ಪ್ರಶ್ನಿಸಿದರು, ಸರ್ಕಾರ ಏಪ್ರಿಲ್ 7ರವರೆಗೆ ಸಡಿಲಿಸಿತು. ಅವರು ಕೇಳಿದ್ದು ನ್ಯಾಯವೇ. ಅದೇ ಕಿವಿ ನಿಮಗೂ ಸಿಗಬೇಕಿತ್ತು.

ಪ್ರಶ್ನೆ: ನಾನು ಶುಶ್ರೂಷಕಿ. ಕಳೆದ ಮೇ ತಿಂಗಳಲ್ಲಿ ಹಾಸಿಗೆ ಇಲ್ಲ ಎಂದು ಜನರನ್ನು ವಾಪಸ್ ಕಳಿಸಿದ ಬಾಯಿ ಇದು. ಈಗ ವ್ಯಾಪಾರಸ್ಥರು ಬೀದಿಗಿಳಿದು ‘ಕರ್ಫ್ಯೂ ಬೇಡ’ ಅನ್ನುವಾಗ ಮೈ ಉರಿಯುತ್ತದೆ. ಇವರ ಮೇಲೆ ಕೇಸ್ ಹಾಕಬಾರದೇ?
– ಓದುಗರು, ಮಂಡ್ಯ

ಉತ್ತರ: ತಾಯಿ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಕಳೆದ ಮೇ ಮೊದಲ ವಾರದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ಮಂದಿ ಸತ್ತ ಸುದ್ದಿ ಓದಿದ ಬೆಳಗ್ಗೆ ನಮ್ಮ ಮನೆಯಲ್ಲಿ ಯಾರಿಗೂ ತಿಂಡಿ ಇಳಿಯಲಿಲ್ಲ.

ಆದರೂ ಕೇಸ್ ಬೇಡ. ಆದೇಶ ಮುರಿದು ಅಂಗಡಿ ತೆರೆದರೆ ಅದು ಅಪರಾಧ, ವಿಪತ್ತು ನಿರ್ವಹಣಾ ಕಾಯ್ದೆಯ 51ನೇ ಸೆಕ್ಷನ್ನಿನಲ್ಲಿ ಒಂದು ವರ್ಷದವರೆಗೆ ಶಿಕ್ಷೆ ಇದೆ. ಆದೇಶ ತಪ್ಪು ಎಂದು ಹೇಳುವುದು ಅಪರಾಧವಲ್ಲ. ಈ ಸಲ ಆಳುವ ಪಕ್ಷದ ಕೆಲವು ನಾಯಕರೇ ಬಹಿರಂಗವಾಗಿ ಅದನ್ನು ಹೇಳಿದರು.

ಸಿಟ್ಟು ಯಾರ ಮೇಲೆ ಬರಬೇಕು ಎನ್ನುವುದನ್ನೂ ನೋಡಿ. 2021ರ ಏಪ್ರಿಲ್ 17ಕ್ಕೆ ಬೆಳಗಾವಿ, ಮಸ್ಕಿ, ಬಸವಕಲ್ಯಾಣದಲ್ಲಿ ಉಪಚುನಾವಣೆ ನಡೆಯಿತು, ಅದಕ್ಕೆ ಮೊದಲು ಎಲ್ಲ ಪಕ್ಷಗಳೂ ಜನ ಸೇರಿಸಿದವು. ಹತ್ತೇ ದಿನದಲ್ಲಿ, 27ರ ರಾತ್ರಿ, ರಾಜ್ಯವೇ ಬಂದ್. ಈ ಜನವರಿ 9, ಕರ್ಫ್ಯೂ ಇದ್ದ ಭಾನುವಾರ, ಕಾಂಗ್ರೆಸ್ಸಿನ ಮೇಕೆದಾಟು ಪಾದಯಾತ್ರೆ ಹೊರಟಿತು. ಹೈಕೋರ್ಟ್ ಪ್ರಶ್ನಿಸಿದ ಮೇಲೆ 13ಕ್ಕೆ ನಿಂತಿತು. ಅದೇ ಭಾನುವಾರ ಹೋಟೆಲಿನವನು ನಾಲ್ಕು ಜನರನ್ನು ಕೂರಿಸಿದ್ದರೆ ಕೇಸ್ ಬೀಳುತ್ತಿತ್ತು. ನಿಯಮ ದೊಡ್ಡವರಿಗೆ ಬಾಗಿದ್ದನ್ನು ಕಣ್ಣಾರೆ ಕಂಡವನಿಗೆ ಮುಂದಿನ ಅಲೆಯಲ್ಲಿ ‘ಬಾಗಿಲು ಹಾಕು’ ಎಂದರೆ ಯಾಕೆ ಹಾಕುತ್ತಾನೆ? ಅದರ ಪೆಟ್ಟು ಕೊನೆಗೆ ಬೀಳುವುದು ನಿಮ್ಮ ವಾರ್ಡಿಗೇ. ಮುಚ್ಚಿದ ಅಂಗಡಿಗೆ ಆಸರೆ ಕೊಟ್ಟರೆ ನಿಮಗೂ ರಕ್ಷಣೆ ಎಂದು ನಾನು ಹೇಳುತ್ತಿರುವುದು ಇದಕ್ಕೇ.

ಪ್ರಶ್ನೆ: ಜಿಮ್ ಇಟ್ಟಿದ್ದೇನೆ. ಲಾಕ್‌ಡೌನ್ ತಿಂಗಳುಗಳ ಬಾಡಿಗೆ ಪೂರ್ತಿ ಕೊಡು ಎನ್ನುತ್ತಾರೆ ಮಾಲೀಕರು. ಕೊಡಲೇಬೇಕೇ?
– ಓದುಗರು, ತಿಪಟೂರು

ಉತ್ತರ: ಮೊದಲು ಕರಾರು ಪತ್ರ ತೆಗೆದು ನೋಡಿ. ಇಂಥ ಅನಿವಾರ್ಯ ಸಂದರ್ಭಕ್ಕೆ ಬಾಡಿಗೆ ಬಿಡುವ ಷರತ್ತು ಇದ್ದರೆ ಅದನ್ನೇ ಹಿಡಿಯಿರಿ. ಇಲ್ಲದಿದ್ದರೆ ಕಷ್ಟ. ದೆಹಲಿಯ ಖಾನ್ ಮಾರ್ಕೆಟ್ಟಿನ ಚಪ್ಪಲಿ ಅಂಗಡಿಯ ಪ್ರಕರಣದಲ್ಲಿ 2020ರ ಮೇನಲ್ಲಿ ಅಲ್ಲಿನ ಹೈಕೋರ್ಟ್, ಜಾಗ ಬಿಡದೆ ಬಾಡಿಗೆ ಮಾಫಿ ಕೇಳಲಾಗದು ಎಂದಿತು, ಕಟ್ಟಲು ಮಾತ್ರ ಸ್ವಲ್ಪ ಕಾಲಾವಕಾಶ ಕೊಟ್ಟಿತು. ನಮ್ಮ ಕೋರ್ಟುಗಳು ಅದನ್ನು ಪಾಲಿಸಲೇಬೇಕೆಂದಿಲ್ಲ, ಆದರೆ ಮಾಲೀಕರ ವಕೀಲರು ಅದನ್ನು ಮುಂದಿಡುವುದು ಖಂಡಿತ. ಕಂತು ಕೇಳಿ, ಒಪ್ಪಿದ್ದನ್ನು ಬರೆಸಿ ಸಹಿ ಮಾಡಿಸಿಕೊಳ್ಳಿ. ಅಡ್ವಾನ್ಸಿನಲ್ಲಿ ಮುರಿದುಕೊಳ್ಳಿ ಎಂದು ಬಾಯಿಮಾತಲ್ಲಿ ಬಿಡಬೇಡಿ.