ಫೋನು ಅಪ್ಪನ ಜೇಬಿನಲ್ಲಿತ್ತು

2021ರ ಜುಲೈ ಕೊನೆ. ಕೊರೊನಾದಿಂದ ಮುಚ್ಚಿದ ಶಾಲೆ ಇನ್ನೂ ತೆರೆದಿರಲಿಲ್ಲ. ಹುಣಸೂರು ಕಡೆಯ ಒಂದು ಪ್ರೌಢಶಾಲೆಯ ಮೇಷ್ಟ್ರು ಫೋನ್ ಮಾಡಿದರು. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಮೂರು ವಾರದಿಂದ ಆನ್‌ಲೈನ್ ತರಗತಿಗೆ ಬಂದಿಲ್ಲ, ಅಪ್ಪ ವಾಟ್ಸಾಪ್ ಗುಂಪು ಬಿಟ್ಟು ಹೋಗಿದ್ದಾರೆ, ಕರೆ ಮಾಡಿದರೆ ಎತ್ತುತ್ತಿಲ್ಲ. "ಆ ಮನೆಯವರಿಗೆ ಓದಿನ ಬಗ್ಗೆ ಕಾಳಜಿನೇ ಇಲ್ಲ ಮೇಡಂ" ಅಂದರು. ಹುಡುಗನನ್ನು ಮಂಜು ಅಂತ ಕರೆಯೋಣ. ಗುರುತು ಸಿಗದಿರಲಿ ಅಂತ ಕೆಲವು ವಿವರ ಬದಲಿಸಿದ್ದೇನೆ.

ರಾತ್ರಿ ಒಂಬತ್ತಕ್ಕೆ ಅಪ್ಪನಿಗೆ ಫೋನ್ ಮಾಡಿದೆ. ಹಾಜರಿ ವಿಷಯ ಎತ್ತಲೇ ಇಲ್ಲ. ನಿಮ್ಮ ಮಗ ಲೆಕ್ಕದಲ್ಲಿ ತುಂಬಾ ಚುರುಕಂತೆ, ಮೇಷ್ಟ್ರೇ ಹೇಳಿದರು ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಒಂದೊಂದಾಗಿ ಹೇಳಿಕೊಂಡರು. ಅವರದು ಲಗೇಜ್ ಆಟೋ. "ಹತ್ತು ಗಂಟೆಗೆ ಕ್ಲಾಸು ಅಂತಾರೆ, ಆಗ ನಾನು ಬಾಡಿಗೆಗೆ ಹೋಗಿರ್ತೀನಿ. ಫೋನ್ ಮನೇಲಿ ಬಿಟ್ರೆ ಬಾಡಿಗೆ ಕರೆಯೋರು ನನ್ನನ್ನ ಹೇಗೆ ಕರೀತಾರೆ ಮೇಡಂ?" ಗುಂಪಿನಲ್ಲಿ ದಿನಾ ಸಂಜೆ ಗೈರಾದವರ ಹೆಸರು ಕೆಂಪು ಗುರುತಿನ ಜೊತೆ ಬರುತ್ತಿತ್ತು. ಒಂದು ದಿನ ಆಟೋ ಸ್ಟ್ಯಾಂಡಿನಲ್ಲಿ ಇನ್ನೊಬ್ಬ ಪೋಷಕರು ಅದನ್ನು ಎಲ್ಲರೆದುರು ಜೋರಾಗಿ ಓದಿದರಂತೆ. "ನನ್ ಮಗನದು ಮೂರನೇ ಹೆಸರು." ಅವತ್ತೇ ಗುಂಪು ಬಿಟ್ಟರು. ಮೂರನೇದು ಅನ್ನೋದನ್ನೂ ಮರೆತಿಲ್ಲ ನೋಡಿ, ಕಾಳಜಿ ಇಲ್ಲದವರು ಇಷ್ಟು ನೆನಪಿಟ್ಟುಕೊಳ್ಳುತ್ತಾರಾ?

ಭಾನುವಾರ ಮನೆಗೆ ಹೋದೆ. ಮಂಜು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ. ಕೇಳಿದ ಮೇಲೆ ತೋರಿಸಿದ: ಬೆರಳ ಸಂದಿಯಲ್ಲೆಲ್ಲ ಕಪ್ಪು ಅಂಟು, ಸೋಪಿಗೂ ಹೋಗಿರಲಿಲ್ಲ. ಹೊಗೆಸೊಪ್ಪು ಮುರಿಯುವ ಕಾಲ, ಕ್ಲಾಸಂತೂ ಇಲ್ಲ ಅಂತ ಅಮ್ಮನ ಜೊತೆ ಕೂಲಿಗೆ ಹೋಗುತ್ತಿದ್ದ. ನಿಜವಾಗಿ ಭಯವಾಗಿದ್ದು ನನಗೆ ಇಲ್ಲಿ. ಕೈಗೆ ಒಂದಷ್ಟು ದುಡ್ಡು ಬರತೊಡಗಿದ ಮೇಲೆ ಹುಡುಗರು ಶಾಲೆಗೆ ವಾಪಸ್ ಬರುವುದು ಕಷ್ಟ.

ಅಮ್ಮನಿಗೆ ಹೇಳಿದೆ: ಅಕ್ಕ, ಇಬ್ಬನಿ ಇರುವಾಗ ಒದ್ದೆ ಸೊಪ್ಪು ಮುಟ್ಟಿದರೆ ಅದರ ವಿಷ ಚರ್ಮದಿಂದ ಮೈಗೆ ಇಳಿಯುತ್ತೆ, ತಲೆಸುತ್ತು, ವಾಂತಿ ಬರುತ್ತೆ, ಮಕ್ಕಳಿಗೆ ಇನ್ನೂ ಜಾಸ್ತಿ. ಅವನನ್ನು ಕಳಿಸಬೇಡಿ. "ನಂಗೆ ಓದೋಕ್ ಬರಲ್ಲ, ಮನೇಲಿದ್ರೂ ಏನ್ ನೋಡ್ಕೊಳ್ಲಿ" ಅಂದರು. ನೀವು ಓದಬೇಕಿಲ್ಲ. ಮುದ್ದೆ ತಿರುವುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ, ಇವತ್ತಿನ ಪಾಠ ನಂಗೆ ಅರ್ಥ ಆಗೋ ಹಾಗೆ ಹೇಳು ಅನ್ನಿ, ಅವನು ತಡವರಿಸಿದ ಕಡೆ 'ಇದನ್ನ ಮೇಷ್ಟ್ರ ಹತ್ರ ಕೇಳು' ಅನ್ನಿ, ಅಷ್ಟೇ ಸಾಕು. ಅಪ್ಪನಿಗೆ ಒಂದೇ ಮಾತು: ರಾತ್ರಿ ಎಂಟರಿಂದ ಒಂಬತ್ತೂಕಾಲರವರೆಗೆ ಫೋನ್ ಮಂಜುವಿನದು.

ಮೇಷ್ಟ್ರ ಜೊತೆ ಜಾಸ್ತಿ ಹೊತ್ತು ಬೇಕಾಯಿತು. ಅವರು ಕೆಟ್ಟವರಲ್ಲ, ಮೇಲಿನವರು ದಿನಾ ಅಂಕಿ ಕೇಳುತ್ತಿದ್ದರು. ಕೆಂಪು ಗುರುತಿನ ಪಟ್ಟಿ ಇವತ್ತೇ ನಿಲ್ಲಿಸಿ ಸಾರ್ ಅಂದೆ. ಯಾಕೆ ಬರಲಿಲ್ಲ ಅಂತ ಕೇಳುವ ಮೊದಲು, ನಿಮ್ಮ ಮನೆಗೆ ಫೋನ್ ಎಷ್ಟು ಹೊತ್ತಿಗೆ ಬರುತ್ತೆ ಅಂತ ಪ್ರತಿ ಮನೆಯನ್ನೂ ಕೇಳಿ. ಸಂಜೆ ಹತ್ತು ನಿಮಿಷದ ಪಾಠ ಧ್ವನಿಯಲ್ಲಿ ಕಳಿಸಿ. ಚಂದನ ಟಿವಿಯಲ್ಲಿ ಬರುವ ಪಾಠ ನೋಡಿ ಬರೆದ ಪುಟದ ಫೋಟೋ ರಾತ್ರಿ ಬಂದರೂ ಅದನ್ನೇ ಹಾಜರಿ ಅಂತ ಹಿಡಿಯಿರಿ. ಅಪ್ಪಂದಿರಿಗೆ ದೂರು ಹೇಳುವ ಮುಂಚೆ ಮಗನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿ, ಅದು ಸುಮ್ನೆ ಹೊಗಳಿಕೆ ಆಗಬಾರದು, ನಿಜವಾಗಿರಬೇಕು.

ಮೊದಲ ವಾರ ಎರಡೇ ಫೋಟೋ ಬಂದವು, ಮುಂದಿನ ವಾರ ಐದು. ಒಂದರಲ್ಲಿ ಪುಟದ ಮೂಲೆಗೆ ರಾಗಿ ಹಿಟ್ಟು ಮೆತ್ತಿತ್ತು. ಆಗಸ್ಟ್ 23ಕ್ಕೆ ಒಂಬತ್ತು, ಹತ್ತನೇ ತರಗತಿ ಶುರುವಾದಾಗ ಪೋಷಕರ ಒಪ್ಪಿಗೆ ಪತ್ರ ಬೇಕಿತ್ತು. ಮಂಜುವಿನ ಅಪ್ಪ ಅದನ್ನು ಮಗನ ಕೈಲಿ ಕಳಿಸಲಿಲ್ಲ. ಬಾಡಿಗೆ ಬಿಟ್ಟು ತಾವೇ ತಂದು ಕೊಟ್ಟು, ಗುಂಪಿಗೆ ನನ್ನ ನಂಬರ್ ಮತ್ತೆ ಸೇರಿಸಿ ಸಾರ್ ಅಂದರಂತೆ.